ಮೊದಲು ತಕ್ಕಡಿ, ಆಮೇಲೆ ಬೋರ್ಡು: ಊರಿನವರೇ ಮಾಲೀಕರಾಗುವ ರೈತ ಕಂಪನಿ ಕಟ್ಟೋದು ಹೇಗೆ

ರೈತರ ಕಂಪನಿ ಮಾಡೋಣ ಅಂತ ಊರಲ್ಲಿ ಮಾತು ಎತ್ತಿದರೆ ಮೊದಲು ಬರುವ ಪ್ರಶ್ನೆ, "ಸಬ್ಸಿಡಿ ಎಷ್ಟು ಬರುತ್ತೆ?" ಕೇಳೋದು ತಪ್ಪಲ್ಲ ಬಿಡಿ. ಆದರೆ ಅದೇ ಪ್ರಶ್ನೆಯಿಂದ ಶುರುವಾದ ಒಂದು ಎಫ್‌ಪಿಒ (ರೈತ ಉತ್ಪಾದಕರ ಸಂಸ್ಥೆ) ಅನುದಾನ ಮುಗಿದ ವರ್ಷವೇ ಬಾಗಿಲು ಹಾಕಿದ್ದನ್ನು ನಮ್ಮ ಕಡೆ ನೋಡಿದ್ದೇನೆ. ಬೋರ್ಡು ಇನ್ನೂ ಇದೆ, ಒಳಗೆ ಯಾರದೋ ಮೇವಿನ ಹೊರೆ ಇದೆ.

ಹಾಗಾಗಿ ನೋಂದಣಿಗೆ ಓಡಬೇಡಿ. ಮೊದಲು ಒಂದು ಸುಗ್ಗಿ ಒಟ್ಟಿಗೆ ಮಾರಿ ನೋಡಿ. ಹದಿನೈದು ಇಪ್ಪತ್ತು ಮನೆ ಸಾಕು, ಬೆಳೆ ಒಂದೇ ಇರಲಿ, ತೊಗರಿಯೋ ಕಡಲೆಯೋ. ಎಲೆಕ್ಟ್ರಾನಿಕ್ ತಕ್ಕಡಿ ಬಾಡಿಗೆಗೆ ತನ್ನಿ, ಎಲ್ಲರ ಕಣ್ಣೆದುರು ತೂಗಿ, ತೂಕದ ಚೀಟಿ ಕೊಡಿ, ಒಂದೇ ಲಾರಿಯಲ್ಲಿ ಎಪಿಎಂಸಿಗೋ ದಾಲ್ ಮಿಲ್ಲಿಗೋ ಕಳಿಸಿ. ಲಾರಿ ಬಾಡಿಗೆ ಉಳಿಯುತ್ತೆ, ಅದು ಸರಿ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ವ್ಯಾಪಾರಿ ಮನೆ ಬಾಗಿಲಿಗೇ ಬಂದು ಕ್ವಿಂಟಲಿಗೆ ಐವತ್ತು ರೂಪಾಯಿ ಜಾಸ್ತಿ ಕೊಡ್ತೀನಿ ಅಂದಾಗ ಯಾರು ಮಾತಿಗೆ ನಿಂತರು, ಯಾರು ರಾತ್ರೋರಾತ್ರಿ ಚೀಲ ಸಾಗಿಸಿದರು ಅನ್ನೋದು ಗೊತ್ತಾಗುತ್ತೆ. ನಿಮ್ಮ ಸದಸ್ಯರ ಪಟ್ಟಿ ಅಲ್ಲಿ ಸಿಕ್ಕ ಹಾಗೆ.

ಆಮೇಲೆ ಯಾವ ರೂಪ ಅನ್ನೋ ಪ್ರಶ್ನೆ. 1959ರ ಕಾಯ್ದೆಯ ಸಹಕಾರ ಸಂಘ ಇದೆ, 1997ರ ಕಾಯ್ದೆಯ ಸೌಹಾರ್ದ ಸಹಕಾರಿ ಇದೆ, ಬೆಳೆಗಾರರೇ ಷೇರುದಾರರಾಗುವ ಉತ್ಪಾದಕರ ಕಂಪನಿ ಇದೆ. ಸಹಕಾರ ನಮಗೇನು ಹೊಸದಲ್ಲ, 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದರು. ಆದರೆ ವ್ಯಾಪಾರವೇ ಮುಖ್ಯ ಗುರಿಯಾದರೆ ನನ್ನ ಒಲವು ಉತ್ಪಾದಕರ ಕಂಪನಿ ಕಡೆಗೆ. ಹತ್ತು ಜನ ಬೆಳೆಗಾರರಿದ್ದರೆ ನೋಂದಾಯಿಸಬಹುದು. ನಿರ್ದೇಶಕರು 5ರಿಂದ 15. ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ. ಆಡಳಿತ ಮಂಡಳಿಯ ಒಪ್ಪಿಗೆ ಇಲ್ಲದೆ ಷೇರನ್ನು ಬೇರೆಯವರಿಗೆ ಕೊಡೋ ಹಾಗಿಲ್ಲ, ಹಾಗಾಗಿ ಪೇಟೆಯ ಸಾಹುಕಾರ ಬಂದು ಸುಮ್ನೆ ಎಲ್ಲ ಕೊಂಡು ಹೋಗೋ ಭಯ ಇಲ್ಲ.

ಒಂದು ಮಾತು, ಸದಸ್ಯತ್ವ ಕೊಡುವಾಗ ಪಹಣಿ ನೋಡಿ ಗಂಡಸರ ಹೆಸರಷ್ಟೇ ಬರೆಯಬೇಡಿ. ಕಾನೂನಿನ ಲೆಕ್ಕದಲ್ಲಿ ಉತ್ಪಾದಕ ಅಂದರೆ ಬೆಳೆ, ಹೈನು ಇಂಥ ಕೆಲಸದಲ್ಲಿ ತೊಡಗಿರುವವರು, ಜಮೀನು ಯಾರ ಹೆಸರಲ್ಲಿದೆ ಅಂತ ಅಲ್ಲ. ಕಳೆ ಕಿತ್ತು ಕೊಯ್ಲು ಮಾಡೋ ಹೆಂಗಸರಿಗೆ ಷೇರು ಇಲ್ಲ ಅಂದ್ರೆ ಅದು ಯಾವ ಸೀಮೆ ಪಾಲುದಾರಿಕೆ?

ಷೇರು ಹಣ ಪ್ರತಿಯೊಬ್ಬರ ಜೇಬಿಂದಲೇ ಬರಬೇಕು. ಯಾರೋ ಮುಖಂಡ ಎಲ್ಲರ ಪರವಾಗಿ ಕಟ್ಟಿದರೆ ಕಂಪನಿ ಅವನದೇ ಆಗುತ್ತೆ, ನೋಡ್ತಾ ಇರಿ. ಒಮ್ಮೆಗೇ ಕಷ್ಟ ಆದರೆ ಕಂತು ಮಾಡಿ. 2020ರಲ್ಲಿ ಕೇಂದ್ರ ಸರ್ಕಾರ ತಂದ 10,000 ಎಫ್‌ಪಿಒ ಯೋಜನೆಯಲ್ಲಿ ಸದಸ್ಯರು ಹಾಕಿದ ಷೇರು ಹಣಕ್ಕೆ ಸಮನಾಗಿ, ತಲಾ 2,000 ರೂಪಾಯಿವರೆಗೆ, ಒಂದು ಎಫ್‌ಪಿಒಗೆ ಒಟ್ಟು 15 ಲಕ್ಷದವರೆಗೆ ಅನುದಾನ ಇಟ್ಟಿದ್ದಾರೆ. ನೋಂದಣಿಗೆ ಹತ್ತು ಜನ ಸಾಕಾದರೂ ಈ ಯೋಜನೆಗೆ ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರು ಬೇಕು. 300 ಜನ ತಲಾ 2,000 ಹಾಕಿದರೆ 6 ಲಕ್ಷ, ಅದಕ್ಕೆ ಇನ್ನೊಂದು 6 ಲಕ್ಷ. ಈಗ ಹೊಸಬರನ್ನು ತೆಗೆದುಕೊಳ್ತಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಸಿಗದಿದ್ದರೂ ನಡೆಯೋ ಹಾಗೆ ಲೆಕ್ಕ ಹಾಕಿಕೊಂಡಿರಿ.

ಜಗಳ ಹುಟ್ಟೋದು ಲಾಭ ಬಂದಾಗ. ನಷ್ಟ ಆದಾಗ ಎಲ್ಲರೂ ತಣ್ಣಗಿರ್ತಾರೆ, ವಿಚಿತ್ರ ಅಲ್ವಾ? ಮೂರು ಲಕ್ಷ ಉಳಿಯಿತು ಅಂದುಕೊಳ್ಳಿ. ಮೊದಲು ಮೀಸಲು ನಿಧಿಗೆ ತೆಗೆದಿಡಿ, ಪ್ರತಿ ವರ್ಷ ಇಡಲೇಬೇಕು ಅಂತ ಕಾನೂನೇ ಹೇಳುತ್ತೆ. ಷೇರಿಗೆ ಒಂದಿಷ್ಟು ಮಿತಿಯ ಡಿವಿಡೆಂಡ್, ಅಂದರೆ ಹಾಕಿದ ಷೇರು ಹಣದ ಮೇಲಿನ ಲಾಭಾಂಶ. ಉಳಿದದ್ದನ್ನು ಹಂಚೋದು ಷೇರು ನೋಡಿ ಅಲ್ಲ, ಯಾರು ಎಷ್ಟು ಮಾಲು ಕಂಪನಿಗೆ ಹಾಕಿದರು ಅಂತ ನೋಡಿ. 2 ಕ್ವಿಂಟಲ್ ಹಾಕಿದವರಿಗೆ ಒಂದು ಪಾಲು ಬಂದರೆ 10 ಕ್ವಿಂಟಲ್ ಹಾಕಿದವರಿಗೆ ಐದು ಪಾಲು. ಈ ಬೋನಸ್ ಒಂದು ಸಲ ಕೈಗೆ ಬಂತು ಅಂದರೆ ಬಾಗಿಲಿಗೆ ಬರೋ ವ್ಯಾಪಾರಿಯ ಐವತ್ತು ರೂಪಾಯಿಯ ಆಸೆ ಕಡಿಮೆಯಾಗುತ್ತೆ.

ಪೂರ್ತಿ ಹಂಚಿಬಿಡಿ ಅಂತ ಒತ್ತಡ ಬರುತ್ತೆ, ಬಗ್ಗಬೇಡಿ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ನೋಡಿ. ಅಡಿಕೆ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಮಂಗಳೂರಿನಲ್ಲಿ ಶುರು ಮಾಡಿದ್ದು. ಮುಂದೆ ಕೊಕ್ಕೋ ಕೊಳ್ಳೋರಿಲ್ಲದೆ ಬೆಳೆಗಾರರು ಕಂಗಾಲಾದಾಗ ಅದನ್ನೂ ಕೊಂಡರು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದರು. ಬಂದದ್ದನ್ನೆಲ್ಲ ಆಯಾ ವರ್ಷವೇ ಹಂಚಿ ತಿನ್ನೋರಿಂದ ಇದು ಆಗ್ತಿತ್ತಾ? ನಿಮ್ಮದು ಗೋದಾಮಿನಿಂದ ಶುರುವಾಗಲಿ. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಮಾಲು ಹಿಡಿದಿಡೋಕೆ ಜಾಗ ಇದ್ದರೆ ಅರ್ಧ ಗೆದ್ದ ಹಾಗೆ. ಯಂತ್ರ ಆಮೇಲೆ. ಸಾಲ ತಂದು ದೊಡ್ಡ ಮಿಲ್ ಹಾಕಿ ವರ್ಷದಲ್ಲಿ ಎರಡು ತಿಂಗಳು ಓಡಿಸೋದು ಬೇಡ.

ದಿನದ ಆಡಳಿತ ನೋಡಿಕೊಳ್ಳೋ ಸಿಇಒ ಪೂರ್ಣಾವಧಿಯವರಿರಬೇಕು, ಸದಸ್ಯರಾಗಿರಬಾರದು. ಇದೂ ಕಾನೂನೇ. ಅಧ್ಯಕ್ಷರ ಅಳಿಯನನ್ನು ಕೂರಿಸಬೇಡಿ, ಸಂಬಳ ಕೊಟ್ಟು ಕೆಲಸ ಗೊತ್ತಿರೋರನ್ನು ಇಟ್ಟುಕೊಳ್ಳಿ. ತಿಂಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಹಾಲಿನ ಡೇರಿ ಗೋಡೆಗೆ ಅಂಟಿಸಿ. ಬೆಳಗ್ಗೆ ಸಂಜೆ ಎಲ್ಲರೂ ಅಲ್ಲಿಗೇ ಬರ್ತಾರೆ.

ಕೊನೆಗೆ, ಎಲ್ಲರೂ ಮರೆಯೋದು: ನಾಮಿನಿ, ಅಂದರೆ ಸದಸ್ಯರು ತೀರಿಕೊಂಡರೆ ಷೇರು ಯಾರಿಗೆ ಅನ್ನೋ ಹೆಸರು. ಸದಸ್ಯರಾದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಷೇರು ಹಣ ತೆಗೆದುಕೊಳ್ಳುವಾಗಲೇ ಆ ಫಾರಂ ಮುಂದಿಟ್ಟು ಸಹಿ ಹಾಕಿಸಿಕೊಳ್ಳಿ, ನಾಳೆ ನೋಡೋಣ ಅಂದವರನ್ನು ಮತ್ತೆ ಹಿಡಿಯೋದು ಕಷ್ಟ.