ಹುಲ್ಲುಹಾಸಿನ ಕೆಲಸಕ್ಕೆ ಕೈಗೆಟುಕುವ ಟ್ರೇಲರ್

ಅಮೆರಿಕದಲ್ಲಿ ಹುಲ್ಲುಹಾಸು ನಿರ್ವಹಣೆಯ ಉದ್ಯಮ ಆರಂಭಿಸುವವರು ಟ್ರೇಲರಿನ ಬೆಲೆ ವಿಚಾರಿಸುವ ಮೊದಲು ತಮ್ಮ ಯಂತ್ರಗಳ ಅಗಲ, ತೂಕಗಳನ್ನು ಬರೆದಿಟ್ಟುಕೊಳ್ಳಬೇಕು. 60 ಇಂಚು ಅಗಲಕ್ಕೆ ಹುಲ್ಲು ಕತ್ತರಿಸುವ ಯಂತ್ರಕ್ಕೆ (ಮೊವರ್) 5 ಅಡಿ ಅಗಲದ ಟ್ರೇಲರ್ ಖಂಡಿತ ಸಾಲದು. ಹುಲ್ಲು ಹೊರಚೆಲ್ಲುವ ಬದಿಯ ಭಾಗಕ್ಕೂ ಜಾಗ ಬೇಕು. ಟ್ರೇಲರಿನ ಫಲಕದಲ್ಲಿ 2,990 ಪೌಂಡ್ ಎಂದು ನಮೂದಾಗಿದ್ದರೆ ಅದು ಟ್ರೇಲರಿನ ಸ್ವಂತ ತೂಕವೂ ಸೇರಿದ ಮಿತಿಯಾದ್ದರಿಂದ, ಟ್ರೇಲರೇ 1,000 ಪೌಂಡ್ ತೂಗುವುದಾದರೆ ಹೊರಬಹುದಾದದ್ದು 1,990 ಮಾತ್ರ.

ಬಂಡವಾಳ ಕಡಿಮೆಯಿದ್ದರೆ ಬಳಸಿದ ಟ್ರೇಲರನ್ನೇ ಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಆದರೆ ಹೊಸ ಬಣ್ಣಕ್ಕೆ ಮರುಳಾಗದೆ, ಯಂತ್ರ ಹತ್ತಿಸಲು ಇಳಿಜಾರಾಗಿ ತೆರೆಯುವ, ದಿನವೂ ಅದರ ಭಾರ ಬೀಳುವ ಹಿಂಬಾಗಿಲಿನ ಕೀಲುಗಳ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಬಗ್ಗಿ ನೋಡಿ. ಚಕ್ರವನ್ನು ಜಾಕ್‌ನಿಂದ ಎತ್ತಿ ಕೈಯಲ್ಲಿ ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗ್ ಸವೆದಿದೆಯೆಂದು ತಿಳಿಯಬೇಕು. ಟೈರಿನ ಮೇಲಿನ ಡಾಟ್ (DOT, ಅಮೆರಿಕದ ಸಾರಿಗೆ ಇಲಾಖೆ) ಸಂಕೇತದ ಕೊನೆಯಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯ ಟೈರುಗಳ ಬದಲಾವಣೆಯ ಖರ್ಚನ್ನು ಬೆಲೆಯಲ್ಲಿ ಕಳೆಯುವಂತೆ ಕೇಳಿ.