ಶೆಲ್ ಮೆಶ್‌ಗೆ ಮುನ್ನ: ತಗಡಿನ ಬ್ರಾಕೆಟ್‌ನ ಸರ್ಫೇಸ್ ಹದಗೊಳಿಸುವ ಬಗೆ

ಒತ್ತಡದ ಲೆಕ್ಕಕ್ಕಾಗಿ ತೆಳು ಭಾಗವನ್ನು ಬರೀ ಮೇಲ್ಮೈಯಾಗಿ (ಸರ್ಫೇಸ್) ತೆಗೆದುಕೊಂಡು, ಎಲಿಮೆಂಟ್ ಎಂಬ ಚಿಕ್ಕ ತುಂಡುಗಳಾಗಿ ಹಂಚುವುದೇ ಶೆಲ್ ಮೆಶ್. ಇಲ್ಲಿನ ಉದಾಹರಣೆ: ಎಲ್ ಆಕಾರಕ್ಕೆ ಬಾಗಿಸಿದ ಉಕ್ಕಿನ ತಗಡು, ಒಳಮೂಲೆಯಲ್ಲಿ ವೆಲ್ಡ್ ಆದ ಒಂದು ರಿಬ್ (ಬಿಗಿತ ಕೊಡುವ ಪಟ್ಟಿ), ಎಂ8 ಬೋಲ್ಟ್‌ಗೆ 9 ಮಿ.ಮೀ. ತೂತುಗಳು. ದಪ್ಪ ಎಲ್ಲೆಡೆ 2 ಮಿ.ಮೀ. ಎಲಿಮೆಂಟ್ ಗಾತ್ರವನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಇಲ್ಲಿ 5 ಮಿ.ಮೀ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಬಹುಮಟ್ಟಿಗೆ ಇದರಿಂದಲೇ ತೀರ್ಮಾನವಾಗುತ್ತದೆ.

ಮಾದರಿ ಇನ್ನೂ ಸಾಲಿಡ್ (ದಪ್ಪವಿರುವ ಘನರೂಪ) ಆಗಿರುವಾಗಲೇ, ಕೆತ್ತಿದ ಅಕ್ಷರ, ಅಂಚಿನ 0.5 ಮಿ.ಮೀ. ಚಾಂಫರ್ (ಓರೆ ಕತ್ತರಿಕೆ), ಹೊರೆ ಬೀಳದ ಸಣ್ಣ ತೂತು ಇವನ್ನೆಲ್ಲ ತೆಗೆಯಿರಿ. ಇವು ಉಳಿದರೆ, ಮಿಡ್‌ಸರ್ಫೇಸ್ (ದಪ್ಪದ ನಟ್ಟನಡುವಿನ ಮೇಲ್ಮೈ) ತೆಗೆಯಲು ಎದುರುಬದುರು ಮುಖಗಳನ್ನು ಜೋಡಿಸುವಾಗ ಸಾಫ್ಟ್‌ವೇರ್ ತಪ್ಪುತ್ತದೆ. ಬಾಗಿನ ಲೆಕ್ಕ ಬೇರೆ. ಒಳ ತ್ರಿಜ್ಯ 3 ಮಿ.ಮೀ. ಇದ್ದರೆ ಮಿಡ್‌ಸರ್ಫೇಸ್‌ನಲ್ಲಿ ಅದು 4, 90 ಡಿಗ್ರಿ ಕಮಾನಿನ ಉದ್ದ 6.28 ಮಿ.ಮೀ. ಎರಡು ಎಲಿಮೆಂಟ್ ಕೂರುತ್ತವೆ, ಉಳಿಸಿ. ಒಳ ತ್ರಿಜ್ಯ 0.5 ಆದರೆ ಕಮಾನು 2.4 ಮಿ.ಮೀ. ದಾಟದು, ಒತ್ತಡ ನೋಡಬೇಕಾದ ಜಾಗ ಅದಲ್ಲದಿದ್ದರೆ ಚೂಪು ಮೂಲೆಯಾಗಿಸಿ.

ಈಗ ಮಿಡ್‌ಸರ್ಫೇಸ್ ತೆಗೆಯಿರಿ. ಹೆಚ್ಚು ಕೆಲಸ ಕೆಡುವುದು ಇಲ್ಲೇ. ರಿಬ್ ತಗಡಿನ ಮೇಲ್ಮೈಗೆ ಬಂದು ನಿಂತಿರುತ್ತದೆ, ತಗಡಿನ ಮಿಡ್‌ಸರ್ಫೇಸ್ ಅದಕ್ಕಿಂತ 1 ಮಿ.ಮೀ. ಒಳಗಿರುತ್ತದೆ. ಪರದೆಯ ಮೇಲೆ ಕೂಡಿಕೊಂಡಂತೆ ಕಾಣುವ ಆ ಸಂದಿನಲ್ಲಿ ಹೊರೆ ದಾಟುವುದೇ ಇಲ್ಲ. ಟಾಲರೆನ್ಸ್ (ಎಷ್ಟು ದೂರದ ಅಂಚುಗಳನ್ನು ಒಂದಾಗಿ ಹೊಲಿಯಬೇಕೆಂಬ ಮಿತಿ) ಹಿಗ್ಗಿಸಿ ಸಂದು ಮುಚ್ಚಬೇಡಿ, ಬೇರೆಡೆಯ ಚಿಕ್ಕ ಅಂಚುಗಳೂ ಕುಸಿಯುತ್ತವೆ, ಹೊಲಿಗೆಗೆ 0.1 ಮಿ.ಮೀ. ಸಾಕು. ರಿಬ್‌ನ ಅಂಚನ್ನೇ ತಗಡಿನವರೆಗೆ ಎಳೆದು, ಸೇರುವ ಗೆರೆಯಲ್ಲಿ ತಗಡನ್ನು ಸೀಳಿ. ಆಗ ಎರಡಕ್ಕೂ ಒಂದೇ ನೋಡ್‌ಗಳು (ಎಲಿಮೆಂಟ್‌ಗಳ ಮೂಲೆಬಿಂದುಗಳು) ಸಿಗುತ್ತವೆ. ಬಾಗಿನ ಬಳಿ ರಿಬ್‌ಗೆ ಕೊಟ್ಟ ಕಚ್ಚು ಹೀಗೆ ಎಳೆಯುವಾಗ ಮುಚ್ಚಿಹೋಗಿಲ್ಲವೇ ನೋಡಿ.

ಒಂದರ ಮೇಲೊಂದು ಮಲಗಿದ ತಗಡುಗಳಿದ್ದರೆ ಮಾತ್ರ ಸಂದನ್ನು ಮುಟ್ಟಬೇಡಿ. ಎರಡೂ 2 ಮಿ.ಮೀ. ಆದರೆ ಮಿಡ್‌ಸರ್ಫೇಸ್‌ಗಳ ಅಂತರ 2 ಮಿ.ಮೀ.; ಅದನ್ನು ಹಾಗೇ ಬಿಟ್ಟು ವೆಲ್ಡ್ ಅಥವಾ ಬೋಲ್ಟ್ ಎಲಿಮೆಂಟ್‌ನಿಂದ ಜೋಡಿಸಿ.

ಹೈಪರ್‌ಮೆಶ್ ಎಂಬ ಮೆಶ್ ಸಾಫ್ಟ್‌ವೇರ್‌ನಲ್ಲಿ ಅಂಚುಗಳ ಬಣ್ಣವೇ ಪರೀಕ್ಷೆ: ಬಿಡಿ ಅಂಚು ಕೆಂಪು, ಎರಡು ಮುಖ ಸೇರಿದಲ್ಲಿ ಹಸಿರು, ಮೂರು ಸೇರಿದಲ್ಲಿ ಹಳದಿ. ರಿಬ್‌ನ ಬುಡ ಹಳದಿಯೇ ಇರಬೇಕು. ಹೊರ ಅಂಚು ಮತ್ತು ತೂತುಗಳನ್ನು ಬಿಟ್ಟು ಬೇರೆಲ್ಲೂ ಕೆಂಪು ಕಾಣಬಾರದು.

ತೂತಿನ ಸುತ್ತ ವಾಷರ್‌ನಷ್ಟೇ, ಅಂದರೆ 16 ಮಿ.ಮೀ. ವ್ಯಾಸದ ವೃತ್ತದಲ್ಲಿ ಮುಖವನ್ನು ಸೀಳಿ, ಸುತ್ತಲೂ ಕನಿಷ್ಠ 8 ಎಲಿಮೆಂಟ್ ಕೊಡಿ. ನಾರ್ಮಲ್‌ಗಳು (ಎಲಿಮೆಂಟ್‌ನ ಮೇಲ್ಬದಿ ಯಾವುದೆಂದು ತೋರುವ ಲಂಬ ಬಾಣಗಳು) ಒಂದೇ ಕಡೆಗಿರಲಿ, ಇಲ್ಲವಾದರೆ ಮೇಲ್ಪದರ ಮತ್ತು ಕೆಳಪದರದ ಒತ್ತಡ ಅದಲುಬದಲಾಗುತ್ತದೆ. ದಪ್ಪವನ್ನು ಎರಡು ಸಲ ನೋಡಿ: ಬಾಗುವ ಬಿಗಿತ ದಪ್ಪದ ಘನಕ್ಕೆ ಅನುಪಾತದಲ್ಲಿದೆ, 2ರ ಬದಲು 2.5 ಹಾಕಿದರೆ ಬಿಗಿತ 1.95 ಪಟ್ಟಾಗುತ್ತದೆ.

ಮೆಶ್ ಆದ ಮೇಲೆ ತೂಕವನ್ನು ಸಾಲಿಡ್‌ನ ತೂಕದೊಂದಿಗೆ ಹೋಲಿಸಿ. ರಿಬ್ ಎಳೆದಲ್ಲಿ ಲೋಹ ಎರಡು ಸಲ ಎಣಿಕೆಯಾಗುವುದರಿಂದ 100 ಮಿ.ಮೀ. ಉದ್ದಕ್ಕೆ ಸುಮಾರು 1.6 ಗ್ರಾಂ ಹೆಚ್ಚು ಬರುವುದು ಸಹಜ. ಬಳಿಕ ಯಾವ ಹಿಡಿತವನ್ನೂ ಕೊಡದೆ ಮೋಡಲ್ ಅನಾಲಿಸಿಸ್ (ಭಾಗ ತಾನಾಗಿ ಕಂಪಿಸುವ ಬಗೆಗಳ, ಅಂದರೆ ಮೋಡ್‌ಗಳ ಲೆಕ್ಕ) ಓಡಿಸಿ. ಇಡೀ ಭಾಗ ಒಟ್ಟಾಗಿ ಸರಿಯುವ, ತಿರುಗುವ ಆರು ಮೋಡ್ ಸೊನ್ನೆ ಆವರ್ತನದ ಹತ್ತಿರ ಬರಬೇಕು. ಏಳನೆಯದೂ ಸೊನ್ನೆಯ ಬಳಿ ಬಂದರೆ ಎಲ್ಲೋ ಒಂದು ತುಂಡು ಅಂಟಿಕೊಂಡಿಲ್ಲ; ಆ ಮೋಡ್‌ಗಳ ಅನಿಮೇಷನ್ ನೋಡಿ, ಉಳಿದದ್ದರಿಂದ ಬಿಟ್ಟು ತಾನೇ ಚಲಿಸುವ ತುಂಡು ಸಿಗುತ್ತದೆ.