ಕುಡಿತ ಬಿಟ್ಟ ಮೇಲೂ ಉಳಿಯುವ ಸ್ವಭಾವದೋಷಗಳು: ತಿದ್ದಿಕೊಳ್ಳುವ ಬಗೆ

ಕುಡಿತ ಬಿಟ್ಟು ಮೂರು ತಿಂಗಳಾಗಿದ್ದ ಒಂದು ಸಂಜೆ, ಎಲ್ಲಿದ್ದೀರಿ ಎಂದು ಫೋನಿನಲ್ಲಿ ಕೇಳಿದ ಹೆಂಡತಿಗೆ ನಾನು ಪೀಣ್ಯದ ಕಚೇರಿಯ ಕುರ್ಚಿಯಲ್ಲಿ ಕುಳಿತುಕೊಂಡೇ ‘ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿದ್ದೇನೆ’ ಎಂದೆ. ಅಂದು ನಾನು ಕುಡಿದಿರಲಿಲ್ಲ, ಕುಡಿಯುವ ಯೋಚನೆಯೂ ಇರಲಿಲ್ಲ. ಸರಕಿನ ಚಲನ್ ಬರೆಯುವುದು ಬಾಕಿಯಿತ್ತು, ಅಷ್ಟೆ. ನಿಜ ಹೇಳಿದ್ದರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಹನ್ನೆರಡು ವರ್ಷ ಬಾಟಲಿಯನ್ನು ಮುಚ್ಚಿಡಲು ಹೇಳುತ್ತಿದ್ದ ಸುಳ್ಳು, ಬಾಟಲಿ ಹೋದ ಮೇಲೂ ನಾಲಿಗೆಯ ಮೇಲೆಯೇ ಕುಳಿತಿತ್ತು. ಫೋನ್ ಇಟ್ಟ ಮೇಲೆ ನನಗೆ ಭಯವಾಯಿತು. ಮದ್ಯ ಬಿಡುವುದು ಒಂದು ಕೆಲಸ, ಮದ್ಯಕ್ಕಾಗಿ ಬೆಳೆಸಿಕೊಂಡ ಸ್ವಭಾವವನ್ನು ಬಿಡುವುದು ಬೇರೆಯದೇ ಕೆಲಸ ಎಂಬುದು ಆ ಹೊತ್ತು ತಿಳಿಯಿತು. ಈ ಎರಡನೆಯ ಕೆಲಸವನ್ನು ಮಾಡುವ ಬಗೆಯನ್ನು, ನಾನು ಮಾಡಿದ ಎಡವಟ್ಟುಗಳ ಸಮೇತ, ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಂದು ಎಚ್ಚರಿಕೆ. ನಿತ್ಯವೂ ಹೆಚ್ಚು ಕುಡಿಯುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ನಡುಕ, ಜ್ವರ, ಇಲ್ಲದ್ದು ಕಾಣಿಸುವುದು, ದಿಕ್ಕುತಪ್ಪಿ ಮಾತಾಡುವುದು ಇವೆಲ್ಲ ಸೇರಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ನಿಲ್ಲಿಸುವುದನ್ನು ವೈದ್ಯರ ಕಣ್ಗಾವಲಿನಲ್ಲೇ ಮಾಡಬೇಕು. ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಆಸ್ಪತ್ರೆಗೆ ಹೋಗಲು ಹಿಂಜರಿಯುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು ಮಾತು: ಬಿಟ್ಟ ಮೊದಲ ಕೆಲವು ವಾರಗಳ ಸಿಡುಕು, ನಿದ್ದೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಬಹುಮಟ್ಟಿಗೆ ಮಿದುಳು ಮದ್ಯವಿಲ್ಲದ ಸ್ಥಿತಿಗೆ ಹೊಂದಿಕೊಳ್ಳುತ್ತಿರುವುದರ ಲಕ್ಷಣಗಳು. ಅವನ್ನು ಸ್ವಭಾವದೋಷವೆಂದು ಪಟ್ಟಿಮಾಡಿ ತನ್ನನ್ನು ತಾನೇ ಹಳಿದುಕೊಳ್ಳುವುದು ಜ್ವರ ಬಂದವನಿಗೆ ಮೈ ಬಿಸಿಯಾಗಿದೆ ಎಂದು ಗದರಿದ ಹಾಗೆ. ಬೇಸರ ತಿಂಗಳುಗಟ್ಟಲೆ ಇಳಿಯದಿದ್ದರೆ, ಬದುಕೇ ಬೇಡವೆನಿಸಿದರೆ, ಅದು ಡಾಕ್ಟರರ ಬಳಿ ಹೇಳಬೇಕಾದ ವಿಷಯವೇ ಹೊರತು ನೋಟ್‌ಬುಕ್ಕಿನಲ್ಲಿ ಬರೆದು ಸುಮ್ಮನಾಗುವ ವಿಷಯವಲ್ಲ.

ದೇಹ ಒಂದು ಹದಕ್ಕೆ ಬಂದ ಮೇಲೆ ಬರೆಯಲು ಕುಳಿತುಕೊಳ್ಳಿ. ಅಮೆರಿಕದಲ್ಲಿ 1935ರಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರೂ ಬಾಬ್ ಸ್ಮಿತ್ ಎಂಬ ವೈದ್ಯರೂ, ಇಬ್ಬರೂ ಕುಡುಕರೇ, ಸೇರಿ ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಹನ್ನೆರಡು ಹಂತಗಳಲ್ಲಿ ನಾಲ್ಕನೆಯದು ಇದೇ: ತನ್ನ ನಡತೆಯ ಲೆಕ್ಕವನ್ನು ಹೆದರದೆ ಹುಡುಕಿ ಬರೆಯುವುದು. ನಮ್ಮಲ್ಲಿ ಬರೆಯಿರಿ ಎಂದೊಡನೆ ಜನ ಕಾಮ, ಕ್ರೋಧ, ಲೋಭ, ಮೋಹ ಎಂದು ಆರನ್ನೂ ಸಾಲಾಗಿ ಬರೆದು ಮುಗಿಸಿಬಿಡುತ್ತಾರೆ; ನಾನೂ ಹಾಗೆಯೇ ಮಾಡಿದ್ದೆ. ಅರಿಷಡ್ವರ್ಗ ಹರಿಕಥೆಗೆ ಚೆನ್ನ, ನೋಟ್‌ಬುಕ್ಕಿಗೆ ಅಲ್ಲ. ‘ನನಗೆ ಮಾತ್ಸರ್ಯವಿದೆ’ ಎಂದು ಬರೆದರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಗುಣದ ಹೆಸರನ್ನು ಬಿಟ್ಟು ನಡೆದ ಘಟನೆಯನ್ನು ಬರೆಯಬೇಕು. ಒಂದು ಪುಟಕ್ಕೆ ನಾಲ್ಕು ಅಂಕಣ ಸಾಕು: ಯಾರ ಜೊತೆ, ಏನು ನಡೆಯಿತು, ಅದರಲ್ಲಿ ನಾನು ಮಾಡಿದ್ದೇನು, ಆಗ ನನ್ನೊಳಗೆ ಇದ್ದದ್ದೇನು. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: ‘ಭಾವಮೈದುನ. ಅವನ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, ಇದು ಬ್ಯಾಂಕಿನ ಮನೆ, ಇವನದಲ್ಲ ಎಂದು ನಕ್ಕೆ. ನನ್ನದು ಇನ್ನೂ ಲೀಸ್ ಮನೆ ಎಂಬ ಹೊಟ್ಟೆಕಿಚ್ಚು.’ ಇಷ್ಟು ಬರೆದ ಮೇಲೆ ಯಾರ ಕ್ಷಮೆ ಕೇಳಬೇಕು, ಯಾವ ಮಾತನ್ನು ಇನ್ನೊಮ್ಮೆ ಆಡಬಾರದು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬರೆದದ್ದನ್ನು ಒಬ್ಬರಿಗೆ ಓದಿ ಹೇಳಬೇಕು. ಆ ಒಬ್ಬರು ಹೆಂಡತಿಯಾಗುವುದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅವಳು ಈ ಪುಸ್ತಕದ ಅರ್ಧ ಪುಟಗಳಲ್ಲಿ ಪೆಟ್ಟು ತಿಂದವಳು. ನಮ್ಮ ಮನಸ್ಸು ಹಗುರಾಗಲೆಂದು ಅವಳ ಎದೆಯ ಮೇಲೆ ಇನ್ನಷ್ಟು ಭಾರ ಹೇರುವುದು ಹಳೆಯ ಸ್ವಾರ್ಥದ ಹೊಸ ವೇಷ. ಸಂಘದಲ್ಲಿ ಸ್ಪಾನ್ಸರ್ ಎನ್ನುವ ಹಿರಿಯ ಸದಸ್ಯರು, ಇಲ್ಲವೇ ಆಪ್ತಸಮಾಲೋಚಕರು, ಇಲ್ಲವೇ ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲ ಹಿರಿಯರೊಬ್ಬರು ಸಾಕು. ನನ್ನ ಸ್ಪಾನ್ಸರ್ ನಿವೃತ್ತ ಬಸ್ ಕಂಡಕ್ಟರ್. ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡ ಗೋಪುರದ ಮಗ್ಗುಲಲ್ಲಿ ಕುಳಿತು ಎರಡು ಗಂಟೆ ಓದಿದೆ. ಅವರು ನಡುವೆ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಕಡಲೆಕಾಯಿ ಸಿಪ್ಪೆ ಕೊಡವಿಕೊಳ್ಳುತ್ತ, ‘ತಮ್ಮಾ, ಬೇರೆಯವರ ತಪ್ಪುಗಳನ್ನ ಬಹಳ ಚೆನ್ನಾಗಿ ಬರೆದಿದ್ದೀಯ. ಮನೆಗೆ ಹೋಗಿ ಮೂರನೇ ಅಂಕಣ ತುಂಬಿಸ್ಕೊಂಡು ಬಾ’ ಎಂದರು. ನೋಡಿದರೆ ನಿಜ, ನಾನು ಮಾಡಿದ್ದೇನು ಎಂಬ ಅಂಕಣದಲ್ಲಿ ಅಲ್ಲಲ್ಲಿ ‘ಸುಮ್ಮನಿದ್ದೆ’ ಎಂದಷ್ಟೇ ಇತ್ತು.

ಎಲ್ಲ ದೋಷಗಳನ್ನೂ ಒಟ್ಟಿಗೆ ತಿದ್ದಲು ಹೊರಟವನು ಹದಿನೈದು ದಿನದಲ್ಲಿ ಸುಸ್ತಾಗುತ್ತಾನೆ. ಒಂದನ್ನು ಆರಿಸಿಕೊಳ್ಳಿ. ಸುಳ್ಳನ್ನೇ ಮೊದಲು ಹಿಡಿಯಬೇಕೆನ್ನುವುದು ನನ್ನ ಸಲಹೆ, ಏಕೆಂದರೆ ಉಳಿದೆಲ್ಲ ದೋಷಗಳೂ ಅದರ ನೆರಳಿನಲ್ಲೇ ಬದುಕುತ್ತವೆ, ಮತ್ತೆ ಕುಡಿಯುವ ಮುನ್ನ ಮೊದಲು ಹಿಂದಿರುಗುವುದೂ ಅದೇ. ತಿದ್ದುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ಈ ಗುಣ ನನಗೆ ಏನು ಕೊಡುತ್ತಿತ್ತು? ಪ್ರತಿಯೊಂದು ದೋಷಕ್ಕೂ ಒಂದು ಸಂಬಳವಿರುತ್ತದೆ. ಸುಳ್ಳು ನನಗೆ ಆ ಗಳಿಗೆಯ ಜಗಳವನ್ನು ತಪ್ಪಿಸುತ್ತಿತ್ತು; ಕೋಪ ಎದುರಿನವರ ಬಾಯಿ ಮುಚ್ಚಿಸಿ ನನ್ನನ್ನು ಯಾರೂ ಪ್ರಶ್ನಿಸದಂತೆ ಮಾಡುತ್ತಿತ್ತು; ‘ನನ್ನ ಹಣೆಬರಹ ಇಷ್ಟೇ’ ಎಂಬ ಗೋಳು ಮುಂದಿನ ಕ್ವಾರ್ಟರಿಗೆ ಪರವಾನಗಿ ಕೊಡುತ್ತಿತ್ತು. ಸಂಬಳ ನಿಲ್ಲುತ್ತದೆಂದು ಒಪ್ಪಿಕೊಳ್ಳದೆ ನೌಕರಿ ಬಿಡಲಾಗುವುದಿಲ್ಲ. ಆರನೆಯ ಹಂತ, ಅಂದರೆ ದೋಷಗಳನ್ನು ಬಿಟ್ಟುಕೊಡಲು ಪೂರ್ತಿಯಾಗಿ ಸಿದ್ಧನಾಗುವುದು, ಇಷ್ಟೇ ಎಂದು ನಾನು ತಿಳಿದಿದ್ದೇನೆ. ಏಳನೆಯದು ದೇವರನ್ನು ವಿನಯದಿಂದ ಬೇಡಿಕೊಳ್ಳುವುದು. ದೇವರನ್ನು ನಂಬದವರು ಇಲ್ಲಿ ತೊಡರಿಕೊಳ್ಳಬೇಕಾಗಿಲ್ಲ. ಹಂತಗಳ ಬರಹದಲ್ಲೇ ‘ನಾವು ಅರಿತಂತೆ’ ಎಂಬ ಮಾತಿದೆ, ನನ್ನೊಬ್ಬನಿಂದ ಆಗದು ಎಂದು ಒಪ್ಪಿದರೆ ಆರಂಭಕ್ಕೆ ಸಾಕು.

ಸುಳ್ಳಿಗೆ ನನಗೆ ಸಿಕ್ಕ ಮದ್ದು ಒಂದೇ: ಹೇಳಿದ ಸುಳ್ಳನ್ನು ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಹೇಳಿದವರಿಗೇ ವಾಪಸು ಹೇಳುವುದು. ಅಂದು ಹತ್ತು ನಿಮಿಷದ ಮೇಲೆ ನಾನು ಮತ್ತೆ ಫೋನ್ ಮಾಡಿ, ‘ಸಿಗ್ನಲ್ಲಿನಲ್ಲಿಲ್ಲ, ಇನ್ನೂ ಕಚೇರಿಯಲ್ಲೇ ಇದ್ದೇನೆ, ಹೊರಡುವುದು ಏಳಕ್ಕೆ’ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಇದಕ್ಕೂ ಸುಳ್ಳು ಬೇಕಿತ್ತೇನ್ರೀ?’ ಎಂದಳು. ಮೆಚ್ಚುಗೆಯ ಮಾತು ಬರುತ್ತದೆಂದು ಕಾಯಬಾರದು. ಬರುವುದು ಹೆಚ್ಚಾಗಿ ಇಂಥದ್ದೇ. ಆದರೆ ಹೀಗೆ ಏಳೆಂಟು ಸಲ ನಾಚಿಕೆಪಟ್ಟ ಮೇಲೆ, ಸುಳ್ಳು ಬಾಯಿಗೆ ಬರುವ ಮುನ್ನವೇ ವಾಪಸು ಹೇಳುವ ಕಷ್ಟ ನೆನಪಾಗಿ ನಿಜವೇ ಸುಲಭವೆನ್ನಿಸತೊಡಗುತ್ತದೆ. ಕೆಲವರು ಇದಕ್ಕೆ ಬದಲಾಗಿ ಮೊಬೈಲಿನಲ್ಲಿ ಲೊಕೇಶನ್ ಹಂಚಿಕೊಂಡು ಬಿಡುತ್ತಾರೆ. ಮನೆಯವರು ಕೇಳಿದರೆ ಕೊಡಿ, ತಪ್ಪಿಲ್ಲ. ಆದರೆ ಅದರಿಂದ ಕಾವಲು ಬಿಗಿಯಾಗುತ್ತದೆಯೇ ಹೊರತು ನಾಲಿಗೆ ತಿದ್ದಿಹೋಗುವುದಿಲ್ಲ.

ಕೋಪದ ಮಟ್ಟಿಗೆ ಉಪದೇಶಕ್ಕಿಂತ ಇಡ್ಲಿ ಮೇಲು. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕನ್ನು ನೋಡಿಕೊಳ್ಳಿ ಎಂದು ಚೇತರಿಕೆಯ ಹಾದಿಯಲ್ಲಿರುವವರಿಗೆಲ್ಲ ಹೇಳಿಕೊಡುತ್ತಾರೆ. ನನ್ನ ಪುಸ್ತಕದಲ್ಲಿ ಜಗಳಗಳ ಸಮಯ ಬರೆದು ನೋಡಿದಾಗ ಮುಕ್ಕಾಲುಪಾಲು ಸಂಜೆ ಏಳರಿಂದ ಎಂಟರ ನಡುವಿನವು. ಮಧ್ಯಾಹ್ನ ಒಂದಕ್ಕೆ ಉಂಡವನು ಟ್ರಾಫಿಕ್ಕಿನಲ್ಲಿ ಬೆಂದು ಬರಿಹೊಟ್ಟೆಯಲ್ಲಿ ಮನೆಗೆ ಬಂದ ಹೊತ್ತು, ಮೊದಲಾದರೆ ಬಾರಿನಲ್ಲಿರುತ್ತಿದ್ದ ಹೊತ್ತು. ಐದೂವರೆಗೆ ದರ್ಶಿನಿಯಲ್ಲಿ ಒಂದು ಪ್ಲೇಟ್ ಇಡ್ಲಿ ತಿಂದು ಮೆಟ್ರೋ ಹತ್ತಲು ಶುರುಮಾಡಿದೆ. ನನ್ನ ಸ್ವಭಾವ ಅರ್ಧ ಸುಧಾರಿಸಿತೆಂದು ಮನೆಯವರೆಲ್ಲ ಅಂದುಕೊಂಡರು.

ದಾಕ್ಷಿಣ್ಯವನ್ನು ನಾವು ದೋಷವೆಂದು ಎಣಿಸುವುದೇ ಇಲ್ಲ, ಸದ್ಗುಣವೆಂದು ಹೊಗಳುತ್ತೇವೆ. ಆದರೆ ಇಲ್ಲವೆನ್ನಲಾರದವನನ್ನು ಕುಡಿತ ಸುಲಭವಾಗಿ ಹುಡುಕಿಕೊಂಡು ಬರುತ್ತದೆ. ಯುಗಾದಿಯ ಮರುದಿನದ ಹೊಸತೊಡಕಿನಲ್ಲಿ ಬಾಡೂಟ, ಇಸ್ಪೀಟು, ಮಹಡಿಯ ಮೇಲೆ ಬಾಟಲಿ, ‘ಒಂದು ನೈಂಟಿ ತಗೊಳ್ಳೋ, ಹಬ್ಬ’ ಎನ್ನುವ ದೊಡ್ಡಪ್ಪನ ಮಗ. ಅಲ್ಲಿ ನಿಂತು ಮಾತು ಹುಡುಕಿದರೆ ಸೋಲು ಖಂಡಿತ. ಮಾತನ್ನು ಹಿಂದಿನ ದಿನವೇ ಬರೆದು ಬಾಯಿಪಾಠ ಮಾಡಿಕೊಳ್ಳಬೇಕು: ‘ಅಣ್ಣಾ, ನಾನು ಕುಡಿಯಲ್ಲ. ಊಟ ಮಾಡಿ ಮೂರಕ್ಕೆ ಹೊರಡ್ತೀನಿ.’ ಹೊಟ್ಟೆನೋವು, ಮಾತ್ರೆ ತಗೊಂಡಿದ್ದೇನೆ, ಶನಿವಾರ ಎಂಬ ನೆಪಗಳನ್ನು ಹೇಳಬೇಡಿ. ನೆಪಕ್ಕೆ ಅವರ ಬಳಿ ಪರಿಹಾರವಿರುತ್ತದೆ, ಮೇಲಾಗಿ ಅದೂ ಒಂದು ಸುಳ್ಳೇ. ಮೊದಲ ವರ್ಷ ಹೋಗದಿದ್ದರೂ ನಷ್ಟವಿಲ್ಲ.

ತಪ್ಪು ತಿದ್ದಿಕೊಂಡದ್ದು ಇತರರಿಗೆ ಕಾಣುವುದು ಕೊಟ್ಟ ಹಣದಲ್ಲಿ ಮತ್ತು ಪಾಲಿಸಿದ ವೇಳೆಯಲ್ಲಿ, ಕಣ್ಣೀರಿನಲ್ಲಿ ಅಲ್ಲ. ಎಂಟನೆಯ ಮತ್ತು ಒಂಬತ್ತನೆಯ ಹಂತಗಳು ನಾವು ನೋಯಿಸಿದವರ ಪಟ್ಟಿಮಾಡಿ, ಹಾಗೆ ಮಾಡುವುದರಿಂದ ಅವರಿಗೋ ಬೇರೆಯವರಿಗೋ ಹಾನಿಯಾಗುವ ಸಂದರ್ಭವನ್ನು ಬಿಟ್ಟು, ನೇರವಾಗಿ ಸರಿಪಡಿಸಲು ಹೇಳುತ್ತವೆ. ಬೀದಿಯ ದಿನಸಿ ಅಂಗಡಿಯ ಶೆಟ್ಟರಿಗೆ ನಾನು 2,400 ರೂಪಾಯಿ ಬಾಕಿಯಿದ್ದೆ. ವರ್ಷಗಟ್ಟಲೆ ಆ ಅಂಗಡಿಯನ್ನು ತಪ್ಪಿಸಲು ಹಿಂದಿನ ರಸ್ತೆಯಿಂದ ಸುತ್ತಿಹೋಗುತ್ತಿದ್ದೆ. ಒಂದು ದಿನ ಹೋಗಿ, ಪ್ರತಿ ತಿಂಗಳ ಐದನೇ ತಾರೀಖು 300 ಕೊಡುತ್ತೇನೆಂದೆ. ಶೆಟ್ಟರು ತಲೆಯೆತ್ತದೆ, ‘ನೋಡೋಣ’ ಎಂದರು. ಐದನೆಯ ಕಂತಿನವರೆಗೂ ಅವರ ಬಾಯಿಂದ ಬಂದದ್ದು ಅಷ್ಟೇ, ಮತ್ತು ಅದು ನ್ಯಾಯವೇ. ಹಳೆಯ ಸಂಬಂಧಗಳ ವಿಷಯವನ್ನು, ಯಾರದೋ ಸಂಸಾರ ಒಡೆಯುವಂಥ ಗುಟ್ಟನ್ನು, ಸತ್ಯದ ಹೆಸರಿನಲ್ಲಿ ಹೊರಹಾಕುವ ಮುನ್ನ ಸ್ಪಾನ್ಸರ್ ಜೊತೆ ಮಾತಾಡಿ.

ಒಂದು ವರ್ಷ ತುಂಬುವ ಹೊತ್ತಿಗೆ ತಲೆಯೆತ್ತುವ ದೋಷವೊಂದಿದೆ, ಅದು ಬಿಟ್ಟೆನೆಂಬ ಗರ್ವ. ಕುಡಿಯುವುದನ್ನು ನಿಲ್ಲಿಸಿದ್ದೇ ಮನೆಯವರಿಗೆ ಮಾಡಿದ ಉಪಕಾರವೆಂಬಂತೆ, ಸ್ವಂತ ಮನೆಯಲ್ಲೇ ಅಳಿಯನ ಮರ್ಯಾದೆ ಬಯಸುತ್ತೇವೆ. ಬಾಗಿಲು ತೆಗೆದ ತಾಯಿ ಈಗಲೂ ಒಂದು ಕ್ಷಣ ಮುಖದ ಹತ್ತಿರ ಬಂದು ಉಸಿರಿನ ವಾಸನೆ ನೋಡಿದರೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಪುಸ್ತಕದಲ್ಲಿ ಬರೆಯಿರಿ, ಅಮ್ಮನ ಮೇಲೆ ತೋರಿಸಬೇಡಿ. ಅವರ ಅನುಮಾನಕ್ಕೆ ನಾವೇ ವರ್ಷಗಟ್ಟಲೆ ತರಬೇತಿ ಕೊಟ್ಟಿದ್ದೇವೆ.

ಇದೆಲ್ಲದರ ಜೊತೆಗೆ ರಾತ್ರಿ ಮಲಗುವ ಮುನ್ನ ಐದು ನಿಮಿಷದ ಲೆಕ್ಕ. ಹತ್ತನೆಯ ಹಂತ ಹೇಳುವುದು ಇದನ್ನೇ. ನಮ್ಮ ಕಂಡಕ್ಟರ್ ಅಣ್ಣ ಇದನ್ನು ಡಿಪೋದ ಭಾಷೆಯಲ್ಲಿ ಹೇಳಿಕೊಟ್ಟರು. ಪಾಳಿ ಮುಗಿದಾಗ ಟಿಕೆಟ್ಟಿನ ಲೆಕ್ಕಕ್ಕೂ ಚೀಲದ ಹಣಕ್ಕೂ ತಾಳೆಯಾಗಬೇಕು; ಹಣ ಕಡಿಮೆಯಿದ್ದರೂ ತಪ್ಪು, ಹೆಚ್ಚಿದ್ದರೂ ತಪ್ಪು. ಹಾಗೆಯೇ ಮಾಡಿದ ತಪ್ಪನ್ನು ಬಿಡುವುದೂ ಸುಳ್ಳು ಲೆಕ್ಕ, ಮಾಡದ ತಪ್ಪನ್ನೆಲ್ಲ ತಲೆಗೆ ಕಟ್ಟಿಕೊಂಡು ನಾನೊಬ್ಬ ಪಾಪಿ ಎಂದು ಬರೆಯುವುದೂ ಸುಳ್ಳು ಲೆಕ್ಕ. ಇಂದು ಮಗಳ ಮೇಲೆ ರೇಗಿದೆ, ಕಾರಣ ನನ್ನ ತಲೆನೋವು, ನಾಳೆ ಬೆಳಿಗ್ಗೆ ಅವಳಿಗೆ ಹೇಳಬೇಕು: ಇಷ್ಟೇ ಉದ್ದ ಸಾಕು. ಸರಿಯಾಗಿ ನಡೆದುಕೊಂಡ ಒಂದು ಸಂಗತಿಯನ್ನೂ ಬರೆಯಿರಿ, ಅದೂ ಲೆಕ್ಕದ ಭಾಗವೇ.

ಇಷ್ಟಾದರೂ ಯಾವುದೋ ಸಂಜೆ ಮತ್ತೆ ಕುಡಿದುಬಿಡುವುದುಂಟು. ಆಗ ಪುಸ್ತಕ ಹರಿದುಹಾಕಬೇಡಿ. ಅಂದೇ ರಾತ್ರಿ, ಕೈ ನಡುಗಿದರೂ, ಒಬ್ಬರಿಗೆ ಫೋನ್ ಮಾಡಿ ನಿಜ ಹೇಳಿ. ಕುಡಿತ ಹಲವು ದಿನ ಮುಂದುವರಿದಿದ್ದರೆ ನಿಲ್ಲಿಸುವ ಮುನ್ನ ಮತ್ತೆ ವೈದ್ಯರನ್ನು ಕಾಣಿ. ಅಮಲು ಪೂರ್ತಿ ಇಳಿದ ಮೇಲೆ ಹಿಂದಿನ ಹದಿನೈದು ದಿನಗಳ ಪುಟಗಳನ್ನು ತಿರುವಿ ಓದಿ, ವಾಪಸು ಹೇಳದೆ ಬಿಟ್ಟ ಸುಳ್ಳು ಎಲ್ಲಿಂದ ಶುರುವಾಯಿತೆಂದು ಹುಡುಕಿ, ಆ ಸಾಲಿನ ಕೆಳಗೆ ಗೆರೆ ಎಳೆಯಿರಿ. ಮುಂದಿನ ಪುಟದಲ್ಲಿ ಹೊಸ ತಾರೀಖು ಹಾಕಿ, ಆ ಸುಳ್ಳನ್ನು ಯಾರಿಗೆ ಹೇಳಿದ್ದಿರೋ ಅವರ ಹೆಸರನ್ನು ಮೊದಲ ಅಂಕಣದಲ್ಲಿ ಬರೆಯಿರಿ.